ಹೆಣ್ಣು ನೋಡುವ ನೆಪ

"ಮುದುಕಮ್ಮನ ಮಗಳು ಹೆಂಗದಾಳ್ರಿ?" ಎಂದು ರೇಣುಕಾದೇವಿ ಕಿರಾಣಿ ಅಂಗಡಿಯ ಅಬೇದಾಬಿಯನ್ನು ಕೇಳಿದಳು. ಕೇಳಿದ್ದು ಮಗಳ ಬಗ್ಗೆ, ಬೇಕಾಗಿದ್ದದ್ದು ಮನೆಯ ಸುದ್ದಿ. ಗಂಗಾವತಿಯ ರೇಣುಕಾದೇವಿ ಹಳೆಯ ಮನೆ ಕೊಂಡು, ಬಾಗಿಲು, ಬಚ್ಚಲು, ನೆಲ ಹೊಸದು ಮಾಡಿಸಿ, ಬಣ್ಣ ಬಳಿಸಿ ಲಾಭಕ್ಕೆ ಮಾರುವವಳು. ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎನ್ನುತ್ತಾರಲ್ಲ, ಅವಳು ಎರಡನ್ನೂ ಮಾಡದೆ ಎರಡರ ಹೆಸರಿನಲ್ಲೂ ದುಡಿಯುತ್ತಿದ್ದಳು. ಮುದುಕಮ್ಮ ಮಾರಲಿಟ್ಟ ಈ ಮನೆ ಕೊಪ್ಪಳದಲ್ಲಿ ಅವಳ ಮೊದಲನೆಯದಾಗಬೇಕಿತ್ತು. ಗಂಗಾವತಿಯಲ್ಲಿ ಕಡೆಯದಾಗಿ ಹೊಸದು ಮಾಡಿಸಿದ ಮನೆ ಮಾರಿ ಬಂದದ್ದನ್ನೆಲ್ಲ ಇದರ ಮೇಲೆ ಹಾಕಲು ಸಿದ್ಧಳಾಗಿದ್ದಳು.

ಮನೆ ಕೊಳ್ಳುತ್ತೇನೆಂದು ಕೇಳಿದರೆ ಓಣಿ ಬಾಯಿ ಬಿಡುವುದಿಲ್ಲ, ಮಾರುವವರ ಹೊಟ್ಟೆಯ ಮೇಲೆ ಯಾಕೆ ಹೊಡೆಯಬೇಕು ಎಂದು ಸುಮ್ಮನಾಗುತ್ತದೆ. ಬೀಗತನ ಮಾಡಲು ಬಂದೆವು ಎಂದರೆ ಮಾತ್ರ ಮಣೆ ಹಾಕಿ ಕೂಡಿಸಿ ಎಲ್ಲ ಹೇಳುತ್ತದೆ. ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂಬ ಮಾತು ಮನೆಯವರಿಗೆ ಸರಿ, ನೆರೆಯವರಿಗೆ ಆ ದರ್ದಿಲ್ಲ. ಹಾಗಾಗಿ ರೇಣುಕಾದೇವಿ ತನ್ನ ಊರು, ಓಣಿ, ಮನೆತನ ಎಲ್ಲ ನಿಜವಾಗಿಯೇ ಹೇಳಿಕೊಂಡು, ಮಗನಿಗೆ ಹೆಣ್ಣು ನೋಡುತ್ತಿದ್ದೇನೆ ಎಂಬ ಒಂದೇ ಒಂದು ಸುಳ್ಳನ್ನು ಅದಕ್ಕೆ ಬೆರೆಸಿದಳು.

ಅಳಿಯ ಬಂದರೆ ಕಾರು ನಿಲ್ಲಿಸಲು ಜಾಗ ಉಂಟೇ, ಬೀಗರು ಬಂದ ದಿನ ನಲ್ಲಿಯಲ್ಲಿ ನೀರು ಇರುತ್ತದೆಯೇ, ಮನೆಯ ಮೇಲೆ ಅಣ್ಣತಮ್ಮಂದಿರ ತಕರಾರು ಏನಾದರೂ ಇದೆಯೇ ಎಂದು ಕೇಳುತ್ತ ಹೋದಳು. ಅಬೇದಾಬಿ ಒಂದನ್ನೂ ಬಿಡದೆ ಉತ್ತರ ಕೊಟ್ಟಳು. ಗಿಣಿಗೇರಾ ಕಡೆಯಿಂದ ಗಾಳಿ ಬೀಸಿದರೆ ಮಾಳಿಗೆಯ ಮೇಲೆ ಒಣಹಾಕಿದ ಹಪ್ಪಳದ ಮೇಲೆ ಕಾರ್ಖಾನೆಯ ಕರಿ ದೂಳು ಕೂಡುತ್ತದೆ, ಅದೊಂದು ಬಿಟ್ಟರೆ ಓಣಿ ಛಲೋ. ಮನೆ ಮುದುಕಮ್ಮನ ಹೆಸರಿನಲ್ಲೇ ಇದೆ, ಯಾರ ತಂಟೆಯೂ ಇಲ್ಲ. ಹುಡುಗಿ ಅನುಷಾ ಅಪ್ಪಟ ಬಂಗಾರ ಎಂದೂ ಹೇಳಿದಳು. ರೇಣುಕಾದೇವಿ ಅದಕ್ಕೆ ತಲೆಯಾಡಿಸಿ, ಇನ್ನೂ ನಾಲ್ಕು ಬಾಗಿಲಲ್ಲಿ ಇದನ್ನೇ ಕೇಳಿ, ಖುಷಿಯಿಂದ ಬಸ್ಸು ಹತ್ತಿದಳು.

ಮರುವಾರ ಮುಂಗಡ ಕೊಡಲೆಂದು ಏಜೆಂಟನ ಜೊತೆ ಮುದುಕಮ್ಮನ ಮನೆಗೇ ಬಂದಳು. ಮುದುಕಮ್ಮ ಯಲಬುರ್ಗಾದ ಕಚೇರಿಯೊಂದರಲ್ಲಿ ಅಟೆಂಡರ್. ದಿನಾ ಬಸ್ಸಿನಲ್ಲಿ ಓಡಾಡಿ ಸಾಕಾಗಿ, ಇಲ್ಲಿಯ ಮನೆ ಮಾರಿ ಅಲ್ಲೇ ನೆಲೆಸಬೇಕೆಂದಿದ್ದಳು. ರೇಣುಕಾದೇವಿ ಚಪ್ಪಲಿ ಬಿಡುತ್ತಲೇ ಕಿಟಕಿ ಎಲ್ಲಿ ಒಡೆಯಬೇಕು, ಅಡುಗೆಮನೆ ಯಾವ ಕಡೆ ತಿರುಗಿಸಬೇಕು ಎಂದು ಏಜೆಂಟನಿಗೆ ವಿವರಿಸತೊಡಗಿದಳು. ಮುದುಕಮ್ಮ ಕುಡಿಯಲು ನೀರು ಕೊಟ್ಟು, ಅವಳು ಕುಡಿದು ಮುಗಿಸುವ ತನಕ ಕಾದಳು.

"ಅಕ್ಕಾರ, ನೀವು ನಮ್ಮ ಮನಿತನ ವಿಚಾರಿಸಿ ಹೋದ್ರಿ. ಹೆಣ್ಣಿನ ಕಡಿಯವರು ನಾವೂ ವಿಚಾರಿಸಬೇಕಲ್ರಿ? ನಮ್ಮಣ್ಣ ಓಬಳೆಪ್ಪ ನಿಮ್ಮ ಓಣಿಗೆ ಹೋಗಿ ಬಂದಾನ. ನಿಮ್ಮ ಮಗ ಇನ್ನೂ ಏಳನೇ ಕ್ಲಾಸ್ ಓದಾಕತ್ತಾನಂತ."

ಏಜೆಂಟ್ ನಗು ತಡೆಯಲು ಗೋಡೆಯ ಕಡೆ ತಿರುಗಿದ. ಗಂಡಿನ ಮನೆಯನ್ನೂ ಯಾರಾದರೂ ವಿಚಾರಿಸುತ್ತಾರೆ ಎಂಬುದು ರೇಣುಕಾದೇವಿಗೆ ಹೊಳೆದೇ ಇರಲಿಲ್ಲ. ಆದರೆ ಅಷ್ಟಕ್ಕೆ ಕಂಗೆಡುವವಳಲ್ಲ ಅವಳು. ವ್ಯಾಪಾರ ಅಂದಮೇಲೆ ಇಷ್ಟು ಇದ್ದದ್ದೇ, ಯಾರಿಗೂ ಲುಕ್ಸಾನು ಆಗಿಲ್ಲವಲ್ಲ, ನೀವು ಹೇಳಿದ ದರಕ್ಕೇ ಮನೆ ಕೊಳ್ಳುತ್ತೇನೆ ಎಂದು ನಕ್ಕಳು.

ಆಗ ಒಳಗಿನಿಂದ ಅನುಷಾ ಬಂದಳು. ಕೈಗೆ ಹಿಟ್ಟು ಮೆತ್ತಿತ್ತು, ದನಿಯಲ್ಲಿ ನಡುಕವಿರಲಿಲ್ಲ.

"ಲುಕ್ಸಾನು ಆಗೈತ್ರಿ. ಕುಷ್ಟಗಿಯವರು ನನ್ನ ನೋಡಿ ಒಪ್ಪಿ ಹೋಗಿದ್ರು. ಹುಡುಗ ನನ್ನ ಮನಸಿಗೂ ಬಂದಿದ್ದ. ನಾವು ಗಂಗಾವತಿ ಕಡೆ ಇನ್ನೊಂದು ಗಂಡು ನೋಡಾಕತ್ತೀವಿ ಅನ್ನೋ ಸುದ್ದಿ ಈ ಓಣಿಯಿಂದ ಅವರ ತನಕ ಹೋಗೈತಿ. ಈಗ ಫೋನ್ ಎತ್ತವಲ್ರು."

ಎದುರಿಗೆ ಒಬ್ಬ ಹುಡುಗಿ ಇದ್ದಾಳೆ ಎಂದು ರೇಣುಕಾದೇವಿಗೆ ಈಗಷ್ಟೇ ಕಂಡಂತಾಯಿತು, ನಾಚಿಕೆಯೂ ಆಯಿತು. ಕುಷ್ಟಗಿಗೆ ತಾನೇ ಫೋನ್ ಮಾಡಿ ಹೇಳುತ್ತೇನೆ ಎಂದಳು. ಅನುಷಾ ಒಪ್ಪಲಿಲ್ಲ. ನಾವೇ ಹೇಳಿಕೊಟ್ಟು ಆಡಿಸಿದ್ದು ಎಂದುಕೊಳ್ಳುತ್ತಾರೆ ಅಂದಳು.

"ಯಾರ ಯಾರ ಬಾಗಿಲಿಗೆ ಹೋಗಿ ಕೇಳಿದ್ರಿ, ಅಲ್ಲೆಲ್ಲ ಹೋಗಿ ಖರೇ ಹೇಳ್ರಿ. ಸುಳ್ಳು ಹೋದ ದಾರ್ಯಾಗ ಖರೇನೂ ಹೋಗತೈತಿ. ಆಮ್ಯಾಲೆ ಅವ್ವ ಸಹಿ ಹಾಕತಾಳ."

ಮನೆಯ ಆಸೆ ಬಿಟ್ಟು ಎದ್ದು ಹೋಗಿದ್ದರೆ ಯಾರೂ ತಡೆಯುತ್ತಿರಲಿಲ್ಲ. ರೇಣುಕಾದೇವಿ ಹೋಗಲಿಲ್ಲ. ಸೆರಗು ಸಿಕ್ಕಿಸಿಕೊಂಡು ಓಣಿಗಿಳಿದಳು. ಮೊದಲ ಬಾಗಿಲಲ್ಲಿ ನಾಲಗೆ ತೊದಲಿತು, ಎರಡನೆಯದರಲ್ಲಿ ಬೈಗುಳ ಸಿಕ್ಕಿತು, ಮೂರನೆಯದರಲ್ಲಿ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾಲ್ಕನೆಯದನ್ನು ಮುಗಿಸುವಷ್ಟರಲ್ಲಿ ಅವಳಿಗೆ ಧೈರ್ಯ ಮರಳಿತ್ತು. ಅಬೇದಾಬಿಯ ಅಂಗಡಿಯ ಮುಂದೆ ನಿಂತು, ಗಿರಾಕಿಗಳಿಗೂ ಕೇಳುವಂತೆ, ತಾನು ನೋಡಲು ಬಂದದ್ದು ಮನೆಯನ್ನು, ಹುಡುಗಿಯನ್ನಲ್ಲ, ಮುದುಕಮ್ಮ ಗಂಗಾವತಿ ಕಡೆ ಯಾವ ಗಂಡನ್ನೂ ಹುಡುಕಿಲ್ಲ, ಮನೆ ಕೊಂಡು ರಿಪೇರಿ ಮಾಡಿಸಿ ಮಾರುವುದು ತನ್ನ ಕಸುಬು ಎಂದು ಎಲ್ಲ ಹೇಳಿ ಮುಗಿಸಿದಳು. ಹಗುರವೆನಿಸಿತು.

ಅಬೇದಾಬಿ ಬೆಲ್ಲ ತೂಗಿ, ಪೊಟ್ಟಣ ಕಟ್ಟಿ ಗಿರಾಕಿಗೆ ಕೊಟ್ಟು ಕಳಿಸಿದಳು. ಅವಳ ಮುಖದಲ್ಲಿ ಸಿಟ್ಟೇನೂ ಇರಲಿಲ್ಲ.

"ಛಲೋ ಮಾಡಿದ್ರಿ. ಸಂಜಿ ಅನ್ನೋದರಾಗ ಕುಷ್ಟಗಿಗೆ ಮುಟ್ಟತೈತಿ. ಆದ್ರ ಅಕ್ಕಾರ, ನಾಳೆ ನೀವು ಮನಿ ಮಾರಾಕ ನಿಂತಾಗ ತುಗೊಳ್ಳೋರೂ ಇದ ಅಂಗಡಿಗೆ ಬರತಾರ. ಮಾರೋರ ಮಾತು ನಂಬಬೋದೇನ್ರಿ ಅಂತ ಕೇಳತಾರ. ನಾ ಏನ್ ಹೇಳ್ಲಿ?"