ಬೆವರಿನಿಂದ ಮೋಡಕ್ಕೆ

ಹಸಿ ಸಿಮೆಂಟಿನ ವಾಸನೆಗೆ ಈಗಲೂ ಆ ಸಂಜೆ ಎದ್ದು ಕೂರುತ್ತದೆ.

ದೊಮ್ಮಲೂರಿನ ನಮ್ಮ ಬಾಡಿಗೆ ಕೋಣೆಯ ನೆಲದ ತುಂಬ ಅಕ್ಕ ಸೀಮೆಸುಣ್ಣದಲ್ಲಿ ವೃತ್ತಗಳನ್ನು ಬರೆದು ನನಗೆ ಪಾಠ ಹೇಳುತ್ತಿದ್ದಳು. ನಡುವೆ ‘ನೀರು’, ಸುತ್ತ ‘ಬೇರು’, ‘ಬೆವರು’, ‘ಮೋಡ’; ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯುವುದು ನನ್ನ ಕೆಲಸ. ಸುಣ್ಣ ಗುಲಾಬಿ ಬಣ್ಣದ್ದಿತ್ತು. ಅಥವಾ ಆ ಬಣ್ಣ ಆಮೇಲೆ ನಾನೇ ಹಚ್ಚಿದ್ದು.

“ಬರೇ ಗೆರಿ ಎಳದ್ರ ಆಗಲ್ಲ ಮಂಗ್ಯಾ, ಹೆಂಗ ಸಂಬಂಧ ಅಂತ ಗೆರಿ ಮ್ಯಾಲ ಬರಿ.”

ಅವಳನ್ನು ಶಾಲೆ ಬಿಡಿಸುವುದಾಗಿ ಅಪ್ಪ ಹಿಂದಿನ ದಿನವಷ್ಟೇ ಹೇಳಿದ್ದ. ಗಾರೆ ಕೆಲಸದಿಂದ ಬಂದವನು ಬಾಗಿಲಲ್ಲೇ ನಿಂತ.

“ಬೆವರಿನಿಂದ ಈ ಗೆರಿ ಎಲ್ಲಿಗಿ ಹೋಗ್ತದ?”

“ಮೋಡಕ್ಕ ಅಪ್ಪಾ. ಆರಿ ಮ್ಯಾಲ ಹೋಗ್ತದ.”

“ನಂದೂ?”

“ನಿಂದೂ.”

ಅವ್ವ ನೆಲ ಒರೆಸಲು ಬಟ್ಟೆ ತಂದಳು.

“ಇರ್ಲಿ ಬಿಡು. ನಾಳಿ ಸಾಲಿಗಿ ಹೋಗೂ ಮುಂದ ಆಕಿನೇ ಒರಸ್ತಾಳ,” ಎಂದ ಅಪ್ಪ, ಗೋಡೆಗೆ ಒತ್ತಿಕೊಂಡು ಗೆರೆ ತುಳಿಯದೆ ಒಳಗೆ ಬಂದ.