ಯಾರೂ ನೆಡದ ತುಂಬೆ

ತುಂಬೆ ಗಿಡವನ್ನು ಕಳೆ ಅಂದವರ ಮೇಲೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಆ ಎಲೆಯ ಘಾಟು ಮೂಗಿಗೆ ಬಡಿದರೆ ಸಾಕು, ನಜರ್‌ಬಾದಿನ ನಮ್ಮ ಹಿತ್ತಲಿನ ಆ ಮಧ್ಯಾಹ್ನ ಎದ್ದು ನಿಲ್ಲುತ್ತದೆ.

ಬೇಸಿಗೆಯ ಮೊದಲ ಮಳೆಗಳಾದ ಮೇಲೆ ಹಿತ್ತಲ ತುಂಬ ಬಿಳಿ ತುಂಬೆ ತಾನಾಗಿ ಅರಳಿತ್ತು. ಬೆಳಿಗ್ಗೆ ಪೂಜೆಗೆ ಒಂದು ಬಟ್ಟಲು ಬಿಡಿಸಿಕೊಂಡ ದೊಡ್ಡಪ್ಪನೇ ಮಧ್ಯಾಹ್ನ "ಬರೀ ಕಳೆ" ಅಂತ ಗುದ್ದಲಿ ಹಿಡಿದು ಬಂದರು. ಅಷ್ಟರಲ್ಲಿ ಅತ್ತೆ ಮೇಟಗಳ್ಳಿಯ ಫ್ಯಾಕ್ಟರಿಯಿಂದ ಬೆಳಗಿನ ಶಿಫ್ಟ್ ಮುಗಿಸಿ ಬಂದಳು. ಮಾವ ತೀರಿಕೊಂಡ ಮೇಲೆ ಅವಳು ನಮ್ಮ ಮನೆಯಲ್ಲೇ ಇದ್ದಳು. ಹೆಗಲ ಬ್ಯಾಗನ್ನೂ ಇಳಿಸದೆ ಒಂದು ತುಂಬೆಯ ಕುಡಿ ಚಿವುಟಿ ಜಡೆಗೆ ಸಿಕ್ಕಿಸಿಕೊಂಡಳು.

"ಏನೇ ಇದು, ತಲೆಗೆ ಹೂವಾ? ತೆಗಿ!" ಅಂದರು ದೊಡ್ಡಪ್ಪ.

"ಶಿವನ ತಲೆಗೆ ಆಗೋದು ನನ್ನ ತಲೆಗೆ ಯಾಕಾಗಲ್ಲಣ್ಣ? ಇದನ್ನ ನೀನೂ ನೆಟ್ಟಿಲ್ಲ, ನಾನೂ ನೆಟ್ಟಿಲ್ಲ. ತಾನೇ ಬಂದ್ಬುಟ್ಟಿದೆ. ಕಿತ್ತು ನೋಡು, ಮತ್ತೆ ಬರುತ್ತೆ."

ದೊಡ್ಡಪ್ಪ ಒಗೆಯುವ ಕಲ್ಲಿನ ಮೇಲೆ ಕೂತಿದ್ದ ಅಜ್ಜಿಯತ್ತ ತಿರುಗಿ, "ನೀನಾದ್ರೂ ಹೇಳಮ್ಮ" ಅಂದರು.

ತಾತ ಹೋದಾಗಿನಿಂದ ಹೂ ಮುಡಿಯದ ಅಜ್ಜಿ ತಲೆಯ ಮೇಲಿನ ಸೆರಗು ಸರಿಸಿದಳು. ಬೆಳ್ಳಗಿನ ತುರುಬನ್ನು ಅತ್ತೆಯ ಕಡೆ ತಿರುಗಿಸಿ, "ನಂಗೂ ಒಂದು ಮುಡ್ಸೇ" ಅಂದಳು.