ಅರ್ಧಕ್ಕೇ ಎದ್ದವನು

"ನಿಮ್ಮ ಯಜಮಾನ್ರನ್ನ ನೋಡಿ ಕಲೀರಮ್ಮ" ಎಂದರು ಡಾಕ್ಟರು.

ಗಂಡ ಕುರ್ಚಿಯಲ್ಲಿ ನೆಟ್ಟಗೆ ಕೂತ. ಒಂದೇ ವರ್ಷದಲ್ಲಿ ಅವನ ಹೊಟ್ಟೆ ಕರಗಿಹೋಗಿತ್ತು. ಅದೇ ವರ್ಷದಲ್ಲಿ ಅವಳು ಊದಿಕೊಂಡಿದ್ದಳು. ಮೆಟ್ಟಿಲು ಹತ್ತಿದರೆ ಏದುಸಿರು, ಕೂತರೆ ಮಂಡಿ ನೋವು. ಈಗ ಸಕ್ಕರೆ ಕಾಯಿಲೆಯೂ ಹೊಸ್ತಿಲಿಗೆ ಬಂದು ನಿಂತಿತ್ತು.

"ಅಮ್ಮ ಎಷ್ಟೇ ಹಾಕಿಸಲಿ, ನಾನು ಅರ್ಧಕ್ಕೇ ಕೈ ತೊಳೀತೀನಿ ಡಾಕ್ಟ್ರೇ. ಇವಳಿಗೆ ಬಾಯಿ ಕಟ್ಟೋಕಾಗಲ್ಲ" ಎಂದ ಗಂಡ.

"ಎಷ್ಟು ಊಟ ಮಾಡ್ತೀರಮ್ಮ? ನಿಜ ಹೇಳಿ."

"ಬಡಿಸ್ಕೊಳ್ಳೋದು ಮೊದಲಿನಷ್ಟೇ ಸರ್. ಒಂದು ಮುದ್ದೆ, ಒಂದು ಹಿಡಿ ಅನ್ನ."

"ಮತ್ತೆ ಗಾಳಿ ಕುಡಿದು ದಪ್ಪ ಆದ್ಯಾ?" ಎಂದು ಗಂಡ ನಕ್ಕ. ಡಾಕ್ಟರೂ ನಕ್ಕರು. ಅವಳು "ಆದ್ರೆ ಸರ್..." ಎನ್ನುವಷ್ಟರಲ್ಲಿ ಅವರು ಮುಂದಿನವರನ್ನು ಕರೆದರು.

ಮಧ್ಯಾಹ್ನ ಅವಳು ಗಂಡನ ತಟ್ಟೆಗೆ ಒಂದೇ ಮುದ್ದೆ ಇಟ್ಟಳು. ಪಕ್ಕದಲ್ಲೇ ಕೂತಿದ್ದ ಅತ್ತೆ ಬಿಡಲಿಲ್ಲ.

"ದುಡಿಯೋ ಗಂಡ್ಸಿಗೆ ಇಷ್ಟೇನಾ? ಇನ್ನೊಂದು ಇಕ್ಕು. ಅನ್ನನೂ ಇಕ್ಕು."

ಇಕ್ಕಿದಳು. ಗಂಡ ತಾಯಿಗೆ ಎದುರಾಡಲಿಲ್ಲ. ಒಂದು ಮುದ್ದೆ ಉಂಡು, ಮಿಕ್ಕಿದ್ದನ್ನು ಹಾಗೇ ಬಿಟ್ಟು ಎದ್ದ.

"ನೋಡಿದ್ಯಾ? ಇಷ್ಟೇ. ಮನಸ್ಸು ಗಟ್ಟಿ ಇರಬೇಕು" ಎಂದು ಅವಳಿಗೆ ಹೇಳಿ ಕೈ ತೊಳೆಯಲು ಹೋದ.

ಅವಳು ಆ ತಟ್ಟೆ ಎತ್ತಿಕೊಂಡು, ಇವತ್ತಾದರೂ ಎಂದುಕೊಂಡು, ಹಿತ್ತಿಲ ಬಾಗಿಲ ಕಡೆ ತಿರುಗಿದಳು.

"ಅದನ್ನೆತ್ಕೊಂಡು ಎಲ್ಲಿಗೆ ಹೊರಟೆ?" ಎಂದರು ಅತ್ತೆ. "ಗಂಡ ಬಿಟ್ಟಿದ್ದನ್ನ ಚೆಲ್ಲಬಾರದು. ದಿನಾ ಉಣ್ಣೋ ಹಾಗೆ ಮೊದಲು ಅದನ್ನ ಉಣ್ಣು, ಆಮೇಲೆ ನಿಂದು ಇಕ್ಕೋ."